ಕೊನೆಯ ಏಳು ಸೆಕೆಂಡು

ನಮ್ಮೂರಿನಲ್ಲಿ ಹಾಡಿನ ಕೊನೆ ಯಾರ ಕಿವಿಗೆ ಬೀಳುತ್ತದೋ ಅವರ ಪಾಲಿಗೆ ಆ ಹಾಡು ಮುಗಿಯುತ್ತದೆ. ಆಮೇಲೆ ಅದನ್ನು ಪಕ್ಕದಲ್ಲೇ ಕೂತು ಯಾರಾದರೂ ಹಾಡಿದರೂ ತುಟಿ ಅಲ್ಲಾಡುವುದು ಕಾಣುತ್ತದೆಯೇ ಹೊರತು ಏನೂ ಕೇಳಿಸುವುದಿಲ್ಲ. ನೆನಪಿನಿಂದಲೂ ರಾಗ ಹೋಗಿಬಿಡುತ್ತದೆ, ಪದಗಳಷ್ಟೇ ಉಳಿಯುತ್ತವೆ. ಇಲ್ಲಿ ಹುಟ್ಟಿದವರು ಊರು ಬಿಟ್ಟು ಎಲ್ಲಿಗೆ ಹೋದರೂ ಇದು ತಪ್ಪಿದ್ದಲ್ಲ. ಹೊರಗಿನಿಂದ ಬಂದು ನೆಲೆಸಿದವರಿಗೆ ಈ ತೊಂದರೆಯಿಲ್ಲ. ಅವರು ನಮ್ಮನ್ನು ನೋಡಿ ಮೊದಮೊದಲು ನಗುತ್ತಾರೆ, ಆಮೇಲೆ ನಮ್ಮ ಮುಂದೆ ಹಾಡುವಾಗ ಅವರೂ ಕೊನೆಯ ಸಾಲು ಬಿಡುವುದನ್ನು ಕಲಿಯುತ್ತಾರೆ.

ನಮ್ಮ ಶಾಲೆಯಲ್ಲಿ ಪ್ರಾರ್ಥನೆಯ ಕೊನೆಯ ಸಾಲಿಗೆ ಮುಂಚೆ ಗಂಟೆ ಹೊಡೆಯುತ್ತಾರೆ. ಮದುವೆಯಲ್ಲಿ ಓಲಗದವರು ಒಂದು ಕೀರ್ತನೆಯ ಮಧ್ಯದಿಂದ ಇನ್ನೊಂದಕ್ಕೆ ಜಾರಿಕೊಂಡು ಹೋಗಿ, ಎಲ್ಲವನ್ನೂ ಒಟ್ಟಿಗೆ ಊರಾಚೆಯ ಸೇತುವೆ ದಾಟಿದ ಮೇಲೆ ಮುಗಿಸುತ್ತಾರೆ. ಗ್ರಾಮಫೋನು ಕೆಲವರ ಮನೆಯಲ್ಲಿದೆ, ಏಕೆಂದರೆ ಮುಳ್ಳು ಕೊನೆಯ ಗೆರೆಗೆ ಬರುವುದು ಕಣ್ಣಿಗೆ ಕಾಣುತ್ತದೆ. ಟೇಪ್ ರೆಕಾರ್ಡರನ್ನು ಮಾತ್ರ ಯಾರೂ ಇಟ್ಟುಕೊಳ್ಳುವುದಿಲ್ಲ. ಅದರಲ್ಲಿ ಹಾಡು ಎಲ್ಲಿ ಮುಗಿಯುತ್ತದೆಂದು ನೋಡಿ ತಿಳಿಯುವಂತಿಲ್ಲ, ಕೈ ಒಂದು ಕ್ಷಣ ತಡವಾದರೆ ಆಯಿತು. ಬೇಕೆಂದೇ ಕೇಳಿ ಮುಗಿಸುವವರೂ ಇದ್ದಾರೆ. ತಾಲ್ಲೂಕು ಕಚೇರಿಯ ನೀಲಕಂಠಯ್ಯನವರು ಹೆಂಡತಿ ಬಿಟ್ಟುಹೋದ ವಾರ ಆಕೆಗೆ ಇಷ್ಟವಾಗಿದ್ದ ಹದಿನೇಳು ಗ್ರಾಮಫೋನು ತಟ್ಟೆಗಳನ್ನು ಒಂದಾದ ಮೇಲೊಂದು ಕೊನೆಯವರೆಗೆ ಹಾಕಿ ಕೇಳಿದರು. ಸೋಮವಾರ ಕೆಲಸಕ್ಕೆ ಬಂದಾಗ ಮುಖ ತೊಳೆದಿಟ್ಟ ಪಾತ್ರೆಯ ಹಾಗಿತ್ತು.

ಇಂಥ ಊರಿಗೆ ಟೀವಿಯಲ್ಲಿ ‘ಏಳೇ ಸೆಕೆಂಡು’ ಬಂದಾಗ ಜನ ಹುಚ್ಚೆದ್ದು ನೋಡಿದ್ದರಲ್ಲಿ ಆಶ್ಚರ್ಯವಿಲ್ಲ. ಮಿರುಗುವ ಕೋಟು ತೊಟ್ಟ ನಿರೂಪಕ ಒಂದು ಹಾಡಿನ ಮೊದಲ ಏಳು ಸೆಕೆಂಡು ಕೇಳಿಸುತ್ತಿದ್ದ. ಯಾವ ಚಿತ್ರದ್ದೆಂದು ಹೇಳಬೇಕು. ನಿಶ್ಚಿಂತೆಯಿಂದ ಪೂರ್ತಿ ನೋಡಬಹುದಾದ ಸಂಗೀತದ ಕಾರ್ಯಕ್ರಮ ನಮಗೆ ಅದೊಂದೇ. ನಮ್ಮೂರಿನ ಇಬ್ಬರು ಅದರಲ್ಲಿ ಗೆದ್ದುಬಂದರು. ಎರಡನೆಯವನಿಗೆ ಗೌರವವೆಂದು ನಿರೂಪಕ ಇಡೀ ಹಾಡು ಹಾಕಿಸಲು ಹೋದಾಗ ಅವನು ಕಿವಿಗೆ ಬೆರಳಿಟ್ಟುಕೊಂಡು ವೇದಿಕೆಯಿಂದ ಓಡಿದ್ದನ್ನು ಇಡೀ ರಾಜ್ಯ ನೋಡಿತು.

ಕಾರ್ಯಕ್ರಮ ನಿಂತ ಮೇಲೆ ಅದೇ ಹೆಸರಿನ ವಿಡಿಯೋ ಗೇಮ್ ಬಂತು. ಟೀವಿ ರಿಪೇರಿಯ ತಿಪ್ಪೇಶಿ ತನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಅದನ್ನು ಇಟ್ಟ. ಪರದೆಯ ಮೇಲೆ ಅದೇ ನಿರೂಪಕ, ಬೊಂಬೆಯಾಗಿ, ಅದೇ ಕೋಟಿನಲ್ಲಿ. ಇಬ್ಬರು ಜೊತೆಯಾಗಿ ಆಡಬೇಕು. ಒಬ್ಬೊಬ್ಬರ ಕೈಯಲ್ಲೂ ನಾಲ್ಕು ಬಣ್ಣದ ಗುಂಡಿಗಳಿರುವ ಒಂದೊಂದು ಹಿಡಿ. ನಾಲ್ಕು ಉತ್ತರಗಳಲ್ಲಿ ಇಬ್ಬರೂ ಸರಿಯಾದುದನ್ನೇ ಒತ್ತಬೇಕು. ಒಬ್ಬರದು ತಪ್ಪಾದರೂ ಅಂದಿನ ಆಟ ಅಲ್ಲಿಗೆ ಮುಗಿಯಿತು. ಹನ್ನೆರಡು ಹಂತಗಳು. ಹತ್ತರ ಆಚೆಗೆ ದಾಟಿದ್ದು ನಾನು ಮತ್ತು ಜುಬೇದಾ ಮಾತ್ರ.

ನಾನು ಮೂವತ್ತೊಂದು ವರ್ಷ ನೀರು ಸರಬರಾಜಿನ ಪ್ರಯೋಗಾಲಯದಲ್ಲಿ ಕೂತು ಊರಿನ ನೀರನ್ನು ಪರೀಕ್ಷೆ ಮಾಡಿದವಳು. ನಿವೃತ್ತಿಯಾದ ಮೇಲೆ ಸಂಜೆಗಳು ಖಾಲಿಯಿದ್ದವು. ಜುಬೇದಾ ತಿಪ್ಪೇಶಿಯ ಅಂಗಡಿಯ ಎದುರಿಗೆ ರವಿಕೆ ಹೊಲಿಯುತ್ತಾಳೆ, ನನಗಿಂತ ಮೂವತ್ತು ವರ್ಷ ಚಿಕ್ಕವಳು. ಮಿಷನ್ ತುಳಿಯುತ್ತ, ಪ್ರತಿ ಹಾಡೂ ಕೊನೆಗೆ ಬರುವ ಮುಂಚೆ ಗುಂಡಿ ತಿರುಗಿಸುತ್ತ ರೇಡಿಯೋ ಕೇಳಿ ಕೇಳಿ ಅವಳ ಕಿವಿ ಸೂಜಿಯ ಹಾಗಾಗಿದೆ. “ನೀರಿನ ಮೇಡಂ, ನಿಮಗೆ ಹಳೇದು ಗೊತ್ತು, ನನಗೆ ಹೊಸದು ಗೊತ್ತು. ಮಧ್ಯದ್ದು ದೇವ್ರಿಗೆ ಗೊತ್ತು. ಬನ್ನಿ ಆಡೋಣ,” ಎಂದು ಅವಳೇ ಕರೆದಳು. ಮಂಗಳವಾರ, ಗುರುವಾರ, ಶನಿವಾರ, ಸಂಜೆ ಐದಕ್ಕೆ ಎಂದು ನಿಗದಿಯಾಯಿತು.

ಹನ್ನೊಂದನೇ ಹಂತದಲ್ಲಿ ಯಾರೂ ಕೇಳಿರದ, ಓಡದ ಚಿತ್ರಗಳ ಹಾಡುಗಳನ್ನೇ ಹುಡುಕಿ ತುಂಬಿದ್ದರು. ಅದರ ಕೊನೆಯ ಪ್ರಶ್ನೆ ಬಂದ ಶನಿವಾರ ನನಗೆ ಚೆನ್ನಾಗಿ ನೆನಪಿದೆ. ಮೊದಲು ಎರಡು ಪಿಟೀಲು, ಆಮೇಲೆ ನಾಲ್ಕು ಹೆಣ್ಣುದನಿಗಳ ಗುನುಗು. ನಾಲ್ಕರಲ್ಲಿ ಒಂದು ದನಿ ಉಳಿದವಕ್ಕಿಂತ ಕೂದಲೆಳೆಯಷ್ಟು ಮೊದಲು ಎದ್ದಿತು. ಪರದೆಯಲ್ಲಿ ನಾಲ್ಕು ಹೆಸರುಗಳು: ಗಾಳಿಮನೆ, ಮೂರನೇ ತಿರುವು, ಬೆಳ್ಳಿ ಲಾಂದ್ರ, ಸಂತೆಪೇಟೆಯ ಸೊಸೆ. ಜುಬೇದಾ ನನ್ನ ಮುಖ ನೋಡಿದಳು. ನನ್ನ ಬೆರಳು ಯಾವ ಗುಂಡಿಯನ್ನೂ ಒತ್ತಲಿಲ್ಲ. ಇಪ್ಪತ್ತು ಸೆಕೆಂಡು ಕಳೆದು ಬೊಂಬೆ ಅಡ್ಡಡ್ಡ ತಲೆಯಾಡಿಸಿತು.

ಕೂದಲೆಳೆಯಷ್ಟು ಮೊದಲು ಎದ್ದ ಆ ದನಿ ನನ್ನ ಅಕ್ಕ ಮಂದಾಕಿನಿಯದು.

ಅಕ್ಕ ಇಪ್ಪತ್ತೆರಡನೇ ವಯಸ್ಸಿಗೆ ಹಾಡುತ್ತೇನೆಂದು ನಗರಕ್ಕೆ ಹೋದಳು. ಅಲ್ಲಿ ಕೋರಸ್ಸಿನಲ್ಲಿ ನಿಲ್ಲಿಸುತ್ತಿದ್ದರು. ಹಾಡುವ ಪ್ರತಿ ಹಾಡನ್ನೂ ಕೊನೆಯವರೆಗೆ ಹಾಡಲೇಬೇಕಲ್ಲ, ಹಾಗಾಗಿ ತಾನು ಹಾಡಿದ ಒಂದೊಂದನ್ನೂ ಕಳೆದುಕೊಳ್ಳುತ್ತ ಹೋದಳು. ಮೊದಲ ಸಲ ಪೂರ್ತಿ ಹಾಡಿದ ಮೇಲೆ ವಾದ್ಯಗಳೂ ಅವಳಿಗೆ ಕೇಳಿಸುತ್ತಿರಲಿಲ್ಲ, ತನ್ನ ದನಿಯೂ ಕೇಳಿಸುತ್ತಿರಲಿಲ್ಲ. ಎರಡನೇ ಟೇಕಿಗೆ ನಿರ್ದೇಶಕರ ಕೈಯನ್ನೇ ನೋಡಿಕೊಂಡು ಹಾಡುತ್ತಿದ್ದಳಂತೆ. ಇದನ್ನು ಅಲ್ಲಿ ಯಾರಿಗೂ ಹೇಳಿರಲಿಲ್ಲ, ಹೇಳಿದ್ದರೆ ಕೆಲಸ ಹೋಗುತ್ತಿತ್ತು. ‘ಬೆಳ್ಳಿ ಲಾಂದ್ರ’ದ ಹಾಡು ಆದಾಗ ನನಗೆ ಕಾಗದ ಬರೆದಳು. “ವಾರೀ, ಇದರಲ್ಲಿ ಕೊನೆ ಸಾಲು ನನ್ನೊಬ್ಬಳದೇ. ಎಲ್ಲರೂ ನಿಲ್ಲಿಸುತ್ತಾರೆ, ನಾನೊಬ್ಬಳೇ ಹಾಡುತ್ತೇನೆ. ಹೇಗೆ ಬಂದಿದೆಯೋ ನನಗೆ ಈ ಜನ್ಮದಲ್ಲಿ ತಿಳಿಯುವ ಹಾಗಿಲ್ಲ. ನೀನು ಕೇಳಿ ನನಗೆ ಹೇಳು.”

ರೇಡಿಯೋದಲ್ಲಿ ಆ ಹಾಡು ವಾರಕ್ಕೆ ಎರಡು ಸಲ ಬರುತ್ತಿತ್ತು. ಮನೆಮಂದಿಯೆಲ್ಲ ಸುತ್ತ ಕೂರುತ್ತಿದ್ದೆವು. ನಾಲ್ಕು ದನಿಗಳಲ್ಲಿ ಅಕ್ಕನದನ್ನು ಬೇರೆ ಮಾಡಿ ಹಿಡಿಯುವುದನ್ನು ಎಲ್ಲರಿಗಿಂತ ಮೊದಲು ಕಲಿತವಳು ನಾನು. ಕೊನೆ ಹತ್ತಿರವಾದಂತೆ ಅಪ್ಪ ಗುಂಡಿ ತಿರುಗಿಸಿ ನಿಲ್ಲಿಸುತ್ತಿದ್ದರು. ನಿಲ್ಲಿಸಬೇಡಿ ಎಂದು ನಾನು ಒಮ್ಮೆಯೂ ಹೇಳಲಿಲ್ಲ. ಕೇಳಿದರೆ ಮುಂದಿನ ವಾರ ಅಕ್ಕ ಇರುವುದಿಲ್ಲ. ಇನ್ನೊಂದು ವಾರ, ಇನ್ನೊಂದು ವಾರ ಎಂದುಕೊಂಡೆ. ಚಿತ್ರ ಓಡಲಿಲ್ಲ. ಒಂದೂವರೆ ತಿಂಗಳಲ್ಲಿ ರೇಡಿಯೋದವರು ಹಾಡನ್ನೇ ಬಿಟ್ಟರು. ತಟ್ಟೆಗಳು ಎಲ್ಲೂ ಸಿಗಲಿಲ್ಲ.

ಆ ಬೇಸಿಗೆಯಲ್ಲಿ ಅಕ್ಕ ಬಂದಳು. ಮಹಡಿಯ ಮೇಲೆ ಸಂಡಿಗೆ ಹಾಕುತ್ತಿದ್ದೆವು. ಕೈಯ ಹಿಟ್ಟನ್ನು ಒರೆಸಿಕೊಳ್ಳದೆ ಕೇಳಿದಳು.

“ಕೇಳ್ದ್ಯಾ?”

“ಕೇಳಿದೆ.”

“ಕೊನೇ ತನಕ?”

“ಹೂಂ, ಕೊನೇ ತನಕ. ತುಂಬಾ ಚೆನ್ನಾಗಿತ್ತು ಮಂದಕ್ಕಾ.”

“ಚೆನ್ನಾಗಿತ್ತು ಅಂದ್ರೆ? ನಡುಗ್ತಿತ್ತಾ? ಮೇಲೆ ಹೋದಾಗ ದನಿ ಸಣ್ಣ ಆಯ್ತಾ?”

“ಇಲ್ಲಪ್ಪ, ಏನೂ ನಡುಗ್ಲಿಲ್ಲ.”

ಅಕ್ಕ ಆವತ್ತು ಆರು ಒಬ್ಬಟ್ಟು ತಿಂದಳು. ಅಮ್ಮ ದೃಷ್ಟಿ ತೆಗೆದರು. ಮರುದಿನ ಬೆಳಿಗ್ಗೆ ನಾನು ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತ ಏನೋ ಗುನುಗುತ್ತಿದ್ದೆ. ಏನೆಂದು ನನಗೇ ಗಮನವಿರಲಿಲ್ಲ. ಕನ್ನಡಿಯಲ್ಲಿ ಬಾಗಿಲ ಬಳಿ ಅಕ್ಕ ನಿಂತದ್ದು ಕಂಡಿತು. ನನ್ನ ಗಂಟಲು ಅಲುಗುತ್ತಿತ್ತು, ಅವಳಿಗೆ ಏನೂ ಕೇಳಿಸುತ್ತಿರಲಿಲ್ಲ. ಹಾಗಾಗಿ ಅದು ಯಾವ ಹಾಡೆಂದು ಅವಳಿಗೆ ತಿಳಿಯಿತು. ನಾನು ಅದನ್ನು ಇನ್ನೂ ಗುನುಗಬಲ್ಲೆ ಎಂದರೆ ಕೊನೆ ಕೇಳಿಲ್ಲವೆಂದೂ ತಿಳಿಯಿತು. ನಾನು ಬಾಚಣಿಗೆ ಕೆಳಗಿಟ್ಟೆ.

“ಇರ್ಲಿ ಬಿಡು,” ಎಂದಳು. “ಈ ಊರಲ್ಲಿ ಯಾರು ತಾನೆ ಕೇಳ್ತಾರೆ.”

ಸಂಜೆಯ ಬಸ್ಸಿಗೆ ಹೊರಟಳು. ಮತ್ತೆ ಬರಲಿಲ್ಲ. ಕಾಗದಗಳಲ್ಲಿ ಎಲ್ಲರ ಆರೋಗ್ಯ ವಿಚಾರಿಸುತ್ತಿದ್ದಳು, ಹಾಡಿನ ಮಾತು ಎತ್ತುತ್ತಿರಲಿಲ್ಲ. ಮೂರನೇ ವರ್ಷ ಕಾಮಾಲೆಯಾಗಿ ಅಲ್ಲೇ ತೀರಿಕೊಂಡಳು. ಅವಳ ದನಿ ಇದ್ದದ್ದು ಆ ಒಂದು ಹಾಡಿನಲ್ಲಿ, ಉಳಿದವುಗಳಲ್ಲಿ ಗುಂಪು ದೊಡ್ಡದು, ಗುರುತು ಸಿಗುವುದಿಲ್ಲ.

ಈಗ ಮೂವತ್ತಾರು ವರ್ಷಗಳ ನಂತರ ತಿಪ್ಪೇಶಿಯ ಹಿಂದಿನ ಕೋಣೆಯಲ್ಲಿ ಅದು ಸಿಕ್ಕಿತ್ತು. ಮಂಗಳವಾರ ಆಟ ಶುರುಮಾಡಿದಾಗ ಹನ್ನೊಂದನೇ ಹಂತದ ಕೊನೆಗೆ ಅದೇ ಹಾಡು ಬಂತು, ಆದರೆ ಬೇರೆ ತುಣುಕು. ಹಿಂದಿನ ಸಲ ನಿಂತಲ್ಲಿಂದ ಮುಂದಿನ ಏಳು ಸೆಕೆಂಡು. ಉತ್ತರ ತಪ್ಪಿದವರಿಗೆ ಯಂತ್ರ ಕೊಡುವ ಸುಳಿವು ಅದು. ಸರಿಯುತ್ತರ ಒತ್ತಿದರೆ ಪ್ರಶ್ನೆ ಮತ್ತೆಂದೂ ಬರುವುದಿಲ್ಲ. ಹಿಂದಕ್ಕೆ ಹೋಗಿ ಕೇಳುವ ಗುಂಡಿಯಿಲ್ಲ. ಹಾಡು ನಾಲ್ಕು ನಿಮಿಷ ಹನ್ನೆರಡು ಸೆಕೆಂಡಿನದೆಂದು ಅಕ್ಕ ಕಾಗದದಲ್ಲಿ ಬರೆದದ್ದು ನನಗೆ ನೆನಪಿತ್ತು. ಭಾಗಿಸಿ ನೋಡಿದೆ. ಮೂವತ್ತಾರು ತುಣುಕುಗಳು.

ನಾನು ಸಂತೆಪೇಟೆಯ ಸೊಸೆಯನ್ನು ಒತ್ತಿದೆ.

ಗುರುವಾರವೂ ಅದನ್ನೇ ಒತ್ತಿದೆ, ಶನಿವಾರವೂ ಅದನ್ನೇ. ಮನೆಗೆ ಬಂದು ಅಂದಿನ ತುಣುಕಿನಲ್ಲಿ ಏನೇನಿತ್ತೆಂದು ಬರೆದಿಡುತ್ತಿದ್ದೆ: ಒಂಬತ್ತನೆಯದರಲ್ಲಿ ಕೊಳಲು ಮಾತ್ರ, ಹದಿನಾಲ್ಕರಲ್ಲಿ ಅಕ್ಕನ ಗುಂಪು ನಾಲ್ಕು ಸೆಕೆಂಡು, ಹದಿನೈದರಲ್ಲಿ ಇಲ್ಲ. ಅಕ್ಕನಿಲ್ಲದ ದಿನ ಬೇಗ ಮಲಗುತ್ತಿದ್ದೆ. ಇದ್ದ ದಿನ ಅಡಿಗೆ ಮಾಡುತ್ತ ಆ ನಾಲ್ಕು ಸೆಕೆಂಡನ್ನೇ ಗುನುಗಿ ಸಾರು ಉಕ್ಕಿಸಿಕೊಳ್ಳುತ್ತಿದ್ದೆ.

ಜುಬೇದಾ ಮೊದಲೆರಡು ವಾರ ನಗುತ್ತಿದ್ದಳು. “ಆ ಸೊಸೆ ಮೇಲೆ ನಿಮಗ್ಯಾಕೆ ಮೇಡಂ ಇಷ್ಟು ಪ್ರೀತಿ? ನಿಮ್ಮ ಸೊಸೆನಾ?” ಆಮೇಲೆ ಸಿಡುಕತೊಡಗಿದಳು. “ಇದು ಲಾಂದ್ರ ಇರ್ಬಹುದು ಅಂತ ನಾನು ಎಷ್ಟು ಸಲ ಹೇಳಲಿ? ಒಂದ್ಸಲ ಒತ್ತಿ ನೋಡೋದಕ್ಕೆ ಏನು ಕಷ್ಟ?” ತಿಪ್ಪೇಶಿ ಬೆಸುಗೆಯ ಕಡ್ಡಿ ಹಿಡಿದುಕೊಂಡೇ ಒಳಗೆ ಬಗ್ಗಿ, “ಅಕ್ಕೋರೇ, ಹನ್ನೆರಡನೇ ಹಂತ ಹೆಂಗಿರುತ್ತೆ ಅಂತ ಒಂದ್ಸಲ ತೋರಿಸ್ರಿ. ನಾನು ಸಾಯೋದ್ರೊಳಗೆ ಆದ್ರೆ ಸಾಕು,” ಎನ್ನುತ್ತಿದ್ದ. ನಾನು ಕನ್ನಡಕ ಒರೆಸಿಕೊಂಡು, ಬೆರಳು ಜಾರಿತು ಎಂದು ಸುಳ್ಳು ಹೇಳುತ್ತಿದ್ದೆ.

ಹಬ್ಬಕ್ಕೆ ಅಂಗಡಿ ಮುಚ್ಚಿದ್ದ ಒಂದು ದಿನ ಬಿಟ್ಟರೆ ಮೂರು ತಿಂಗಳು ಹೀಗೆ ಕಳೆಯಿತು. ಮೂವತ್ತೈದನೇ ತುಣುಕು ಒಂದು ಗುರುವಾರ ಬಂತು. ಅದು ಅಪ್ಪ ರೇಡಿಯೋ ನಿಲ್ಲಿಸುತ್ತಿದ್ದ ಜಾಗ. ವಾದ್ಯಗಳು ಒಂದೊಂದಾಗಿ ಹಿಂದೆ ಸರಿದವು. ಮೂರು ದನಿಗಳು ನಿಂತವು. ಅಲ್ಲಿಗೆ ಏಳು ಸೆಕೆಂಡು ಮುಗಿಯಿತು. ನಾನು ಸಂತೆಪೇಟೆಯ ಸೊಸೆಯನ್ನೇ ಒತ್ತಿ ಮನೆಗೆ ಬಂದೆ. ಶನಿವಾರ ಹೋಗಲಿಲ್ಲ, ಮಂಗಳವಾರವೂ ಹೋಗಲಿಲ್ಲ.

ಲೆಕ್ಕ ಸರಳವಾಗಿತ್ತು. ಮುಂದಿನ ಸಲ ಹಾಡು ಶುರುವಾಗುವ ಮುಂಚೆಯೇ ಕಿವಿ ಮುಚ್ಚಿಕೊಂಡು ಬೆಳ್ಳಿ ಲಾಂದ್ರ ಒತ್ತಿದರೆ ಅಕ್ಕನ ಗುನುಗು ನಾನು ಸಾಯುವವರೆಗೆ ನನ್ನ ತಲೆಯಲ್ಲಿರುತ್ತದೆ, ಈಗಷ್ಟೇ ಹೊಸದಾಗಿ ಕೇಳಿಕೊಂಡದ್ದು, ಅಚ್ಚುಕಟ್ಟಾಗಿ. ಆದರೆ ಅವಳು ನನ್ನನ್ನು ಕೇಳಿಕೊಂಡದ್ದು ಒಂದೇ, ಅದನ್ನು ಮಾಡಿದಂತಾಗುವುದಿಲ್ಲ. ಕೇಳಿದರೆ ಗುನುಗೂ ಹೋಗುತ್ತದೆ, ಕೊನೆಯ ಸಾಲೂ ಹೋಗುತ್ತದೆ. ಹೇಗಿತ್ತೆಂದು ಹೇಳಲು ಅವಳಿಲ್ಲ. ನೀರಿನ ಮಾದರಿಯಾದರೆ ಅರ್ಧ ಪರೀಕ್ಷೆಗೆ ಕೊಟ್ಟು ಅರ್ಧ ಇಟ್ಟುಕೊಳ್ಳಬಹುದಿತ್ತು.

ಬುಧವಾರ ಮಧ್ಯಾಹ್ನ ಜುಬೇದಾ ಮನೆಗೇ ಬಂದಳು. ಅಳತೆಯ ಟೇಪು ಕೊರಳಲ್ಲೇ ಇತ್ತು.

“ಮೈ ಹುಷಾರಿಲ್ವಾ ಮೇಡಂ?”

“ಹುಷಾರಾಗಿದ್ದೀನಿ.”

“ಹಂಗಾದ್ರೆ ನನ್ನ ಮೇಲೆ ಸಿಟ್ಟಾ? ನಾನು ಸೊಸೆ ಸೊಸೆ ಅಂತ ಆಡ್ಕೊಂಡಿದ್ದಕ್ಕೆ?”

“ಇಲ್ಲ ಕಣೆ.”

ಅವಳು ಕೂತಳು. ಮಜ್ಜಿಗೆ ಕೊಟ್ಟೆ. ಅರ್ಧ ಕುಡಿದು ಲೋಟ ಇಟ್ಟು, “ನಿಮಗೆ ಅದು ಲಾಂದ್ರ ಅಂತ ಮೊದಲನೇ ದಿನಾನೇ ಗೊತ್ತಿತ್ತು,” ಎಂದಳು. “ನೀವು ಕಣ್ಣು ಮುಚ್ಚಿ ಕೇಳ್ತೀರಿ. ಗೊತ್ತಿಲ್ದೆ ಇರೋ ಹಾಡಿಗೆ ಯಾರೂ ಹಂಗೆ ಕಣ್ಣು ಮುಚ್ಚಲ್ಲ. ನಾನು ಎರಡನೇ ವಾರದಲ್ಲೇ ಕಂಡುಹಿಡಿದೆ.”

“ಮತ್ತೆ ಯಾಕೆ ಸುಮ್ನಿದ್ದೆ?”

“ಬೈದೆನಲ್ಲ, ಸುಮ್ನೆಲ್ಲಿದ್ದೆ!”

ಅವಳಿಗೆ ಹೇಳಿದೆ. ಸಂಡಿಗೆ ಹಾಕಿದ್ದನ್ನೂ, ಸುಳ್ಳು ಹೇಳಿದ್ದನ್ನೂ, ಕನ್ನಡಿಯನ್ನೂ. ಮೂವತ್ತಾರು ವರ್ಷಗಳಲ್ಲಿ ಅದನ್ನು ಯಾರಿಗೂ ಹೇಳಿರಲಿಲ್ಲ. ಜುಬೇದಾ ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೇಳಿದಳು.

“ನಮ್ಮಮ್ಮಿ ಒಂದು ಲಾಲಿ ಹಾಡ್ತಿದ್ರು,” ಎಂದಳು. “ಕೊನೆ ನನಗೆ ಗೊತ್ತಿಲ್ಲ. ಅವರಿಗಾದ್ರೂ ಗೊತ್ತಿತ್ತೋ ಇಲ್ವೋ. ಈಗ ನನ್ನ ಮಗಳಿಗೆ ಅರ್ಧಾನೇ ಹಾಡ್ತೀನಿ. ಅದು ಹಂಗೇ ಇರ್ಲಿ ಅಂತ ನನಗೆ ಅನ್ಸುತ್ತೆ ಮೇಡಂ. ಆದ್ರೆ ನಮ್ಮಮ್ಮಿ ನನ್ನನ್ನ ಏನೂ ಕೇಳಿರ್ಲಿಲ್ಲ. ನಿಮ್ಮಕ್ಕ ಕೇಳಿದ್ರು.”

“ಈಗ ಕೇಳಿ ಯಾರಿಗೆ ಹೇಳಲಿ?”

“ಅದು ನನಗೆ ಗೊತ್ತಿಲ್ಲ. ನೀವು ಓದಿದೋರು.” ಲೋಟವನ್ನು ತಾನೇ ತೊಳೆದಿಟ್ಟಳು. “ನಾಳೆ ಐದಕ್ಕೆ ನಾನು ಬರ್ತೀನಿ. ಲಾಂದ್ರ ಒತ್ತು ಅಂದ್ರೆ ಒತ್ತೀನಿ, ಕಾಯು ಅಂದ್ರೆ ಕಾಯ್ತೀನಿ.”

ಗುರುವಾರ ಹನ್ನೊಂದನೇ ಹಂತವನ್ನು ಎಂದಿನಂತೆ ಆಡಿದೆವು. ಜುಬೇದಾ ಒಂದೂ ತಪ್ಪಲಿಲ್ಲ. ಕೊನೆಯ ಪ್ರಶ್ನೆಗೆ ಮುಂಚೆ ಬೊಂಬೆ ಕೋಟು ಕೊಡವಿ, ತಯಾರಾದರೆ ಹಸಿರು ಒತ್ತಿ ಎಂದಿತು. ನಾನು ಅವಳ ಕಡೆ ತಿರುಗಿ, “ನೀನು ಹೊರಗೆ ಹೋಗು. ತಿಪ್ಪೇಶಿಯನ್ನೂ ಕರಕೊಂಡು ಹೋಗು,” ಎಂದೆ.

ಅವಳು ತಿಪ್ಪೇಶಿಯ ತೋಳು ಹಿಡಿದು ಎಳೆದಳು. “ಏನಾಯ್ತು? ಮಿಷನ್ ಕೆಟ್ಟೋಯ್ತಾ?” ಎಂದು ಅವನು ಕೇಳುತ್ತಲೇ ಇದ್ದ. ಬಾಗಿಲು ಹಾಕಿದರು. ಅಂಗಡಿಗೂ ಕೋಣೆಗೂ ನಡುವೆ ಒಂದು ಗಾಜಿನ ಕಿಟಕಿಯಿದೆ. ಅದರಾಚೆ ಇಬ್ಬರೂ ಎರಡು ಅಂಗೈಗಳಿಂದ ಕಿವಿ ಮುಚ್ಚಿಕೊಂಡು ನಿಂತದ್ದು ಕಂಡಿತು. ನಾನು ಹಸಿರು ಒತ್ತಿದೆ.

ಆ ಏಳು ಸೆಕೆಂಡಿನ ಬಗ್ಗೆ ನಾನು ಹೇಳಬಲ್ಲದ್ದು ಇಷ್ಟೆ. ಕೊನೆಯ ಸಾಲಿನಲ್ಲಿ ಐದು ಪದಗಳಿವೆ. ಮೂರನೆಯ ಪದದ ನಡುವೆ, ಉಸಿರು ತೆಗೆದುಕೊಳ್ಳಬಾರದ ಜಾಗದಲ್ಲಿ, ಅವಳು ಉಸಿರು ತೆಗೆದುಕೊಂಡಳು. ಅದು ರಾಗವಲ್ಲದ್ದರಿಂದ ನನಗೆ ಉಳಿದಿದೆ. ಮಿಕ್ಕದ್ದು ಕೇಳಿಸಿತು ಎಂಬುದು ಖಚಿತ, ಅದು ಮುಗಿದ ಕೂಡಲೇ ನನ್ನೊಳಗೆ ಒಂದು ಜಾಗ ಸದ್ದಿಲ್ಲದಂತಾಯಿತು. ಗುನುಗಲು ನೋಡಿದೆ. ಬಾಯಿಗೆ ಏನೂ ಬರಲಿಲ್ಲ. ಪಿಟೀಲು, ಕೊಳಲು, ಅವಳು ಕೂದಲೆಳೆಯಷ್ಟು ಮೊದಲು ಏಳುತ್ತಿದ್ದದ್ದು, ಇವೆಲ್ಲ ನನ್ನ ಪುಸ್ತಕದಲ್ಲಿ ಬರೆದದ್ದು ನೆನಪಿತ್ತು, ಬೇರೆ ಯಾರೋ ಬರೆದದ್ದರ ಹಾಗೆ. ನಡುಗಿತ್ತೇ, ಮೇಲೆ ಹೋದಾಗ ಸಣ್ಣದಾಯಿತೇ ಎಂದು ಅವಳು ಕೇಳಿದ್ದಳು. ಅದನ್ನು ಗಮನವಿಟ್ಟು ಕೇಳಬೇಕೆಂದೇ ಕೂತಿದ್ದೆ. ಕೇಳಿದ್ದೆ ಕೂಡ. ಉತ್ತರ ನನ್ನ ಬಳಿ ಇರಲಿಲ್ಲ.

ಇನ್ನು ಕೊಡಲು ಸುಳಿವಿಲ್ಲದ್ದರಿಂದ ಯಂತ್ರ ಗಡಿಯಾರ ನಿಲ್ಲಿಸಿ ನಾಲ್ಕು ಹೆಸರುಗಳನ್ನು ತೋರಿಸುತ್ತ ಕಾಯುತ್ತಿತ್ತು. ನಾನು ಕೈಯೆತ್ತಿ ಕರೆದೆ. ಜುಬೇದಾ ಬಾಗಿಲು ತೆರೆದು ಒಂದು ಕಾಲು ಒಳಗಿಟ್ಟು ನಿಂತಳು. ತಿಪ್ಪೇಶಿ ಇನ್ನೂ ಕಿವಿ ಮುಚ್ಚಿಕೊಂಡಿದ್ದ.

“ಆಯ್ತಾ ಮೇಡಂ?”

“ಆಯ್ತು. ಜುಬೇದಾ, ನೀನು ಗಾಜಿನಿಂದ ನನ್ನನ್ನ ನೋಡ್ತಿದ್ದೆಯಾ?”

“ನೋಡ್ಬಾರ್ದಿತ್ತಾ? ಕಿವಿ ಗಟ್ಟಿಯಾಗಿ ಮುಚ್ಕೊಂಡಿದ್ದೆ, ಅಲ್ಲಾನ ಆಣೆ.”

“ನೋಡಿದ್ದು ಒಳ್ಳೇದಾಯ್ತು. ನಾನು ಹೇಗಿದ್ದೆ ಹೇಳು. ಬಿಡದೆ ಹೇಳು.”

ಅವಳು ಬಂದು ನನ್ನ ಪಕ್ಕ ಕೂತು, ತನ್ನ ಹಿಡಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಅಳತೆ ಹೇಳುವಾಗ ಮಾಡುವ ಹಾಗೆ ಒಂದು ಕ್ಷಣ ಕಣ್ಣು ಕಿರಿದು ಮಾಡಿದಳು.

“ಮೊದ್ಲು ಗಾಬರಿ ಆದ್ರಿ. ಯಾರೋ ಎಡವಿ ಬೀಳ್ತಾರೇನೋ ಅನ್ನೋ ಹಂಗೆ ಹಿಂಗೆ ಮುಂದಕ್ಕೆ ಬಗ್ಗಿದ್ರಿ. ಆಮೇಲೆ ಅವರು ಬೀಳ್ಲಿಲ್ಲ ಅಂತ ಕಾಣುತ್ತೆ. ನಕ್ರಿ. ನೀವು ಹಂಗೆ ನಗೋದನ್ನ ನಾನು ನೋಡೇ ಇಲ್ಲ ಮೇಡಂ, ಹಲ್ಲೆಲ್ಲ ಕಾಣೋ ಹಂಗೆ. ಶಾಲೆ ನಾಟಕದಲ್ಲಿ ತಮ್ಮ ಮನೆಯೋರು ಸ್ಟೇಜ್ ಮೇಲೆ ಬಂದ್ರೆ ಸಣ್ಣ ಮಕ್ಕಳು ಪಕ್ಕದೋರನ್ನ ತಿವೀತಾರಲ್ಲ, ನಮ್ಮೋರು ನಮ್ಮೋರು ಅಂತ? ಹಂಗೆ ಕೈ ಹಿಂಗೆ ಚಾಚಿ ತೋರಿಸಿದ್ರಿ.”

ತನ್ನ ಬಲಗೈಯನ್ನು ಪರದೆಯ ಕಡೆಗೆ ಚಾಚಿ ತೋರಿಸಿದಳು. ಬೆರಳುಗಳಲ್ಲಿ ಸೂಜಿ ಚುಚ್ಚಿದ ಸಣ್ಣ ಸಣ್ಣ ಗುರುತುಗಳಿದ್ದವು.

“ನಾನು ಯಾರಿಗೆ ತೋರಿಸ್ತಿದ್ದೆ?”

“ಪಕ್ಕದಲ್ಲಿ ಯಾರೂ ಇರ್ಲಿಲ್ಲವಲ್ಲ ಮೇಡಂ.”

“ಇನ್ನೊಂದ್ಸಲ ಮಾಡಿ ತೋರಿಸು,” ಎಂದೆ. “ಮೊದಲಿಂದ.”